ಮರ ನಿಂತೇ ಇರುತ್ತದೆ, ಒಳಗೆ ಟೊಳ್ಳು: ತೆಂಗಿನಲ್ಲಿ ಕೆಂಪುಮೂತಿ ಹುಳು ಪತ್ತೆ ಹಚ್ಚುವ ಬಗೆ

ತುರುವೇಕೆರೆ ಕಡೆ ನಮ್ಮದೊಂದು ಸಣ್ಣ ತೆಂಗಿನ ತೋಟ ಇದೆ. ನಾಲ್ಕು ವರ್ಷದ ಹಿಂದೆ ಆಷಾಢದ ಗಾಳಿಗೆ ಒಂದು ಮರದ ತಲೆ ಮುರಿದು ಬಿತ್ತು. ಹನ್ನೆರಡು ವರ್ಷದ ಮರ. ಬೇರು ಗಟ್ಟಿಯಾಗಿತ್ತು, ಬುಡವೂ ಗಟ್ಟಿಯಾಗಿತ್ತು. ಸುಳಿಯಿಂದ ಮೂರು ಅಡಿ ಕೆಳಗೆ ಮುರಿದಿತ್ತು. ಹತ್ತಿರ ಹೋಗಿ ನೋಡಿದರೆ ಮುರಿದ ಜಾಗದಲ್ಲಿ ಮರವೇ ಇರಲಿಲ್ಲ. ಹಸಿ ನಾರು ಗಂಜಿಯ ಹಾಗೆ ಆಗಿತ್ತು. ಅದರ ತುಂಬ ಕೆನೆ ಬಣ್ಣದ ದಪ್ಪ ಹುಳುಗಳು.

ಅದಕ್ಕೆ ಮೂರು ತಿಂಗಳ ಮೊದಲೇ ಆ ಮರದ ಗರಿ ಸಪ್ಪಗಾಗಿತ್ತು. ನಾವು ನೀರು ಸಾಲುತ್ತಿಲ್ಲ ಅಂದುಕೊಂಡೆವು. ನಮ್ಮ ಸೀಮೆಯಲ್ಲಿ ತೆಂಗು ಬಾಡಿದರೆ ಮೊದಲು ಬರುವ ಮಾತೇ ಅದು. ಬೋರ್‌ವೆಲ್ ನಂಬಿ ಬದುಕುವವರಿಗೆ ಬೇರೆ ಯೋಚನೆ ಬರುವುದಾದರೂ ಹೇಗೆ? ಪಾತಿ ದೊಡ್ಡದು ಮಾಡಿ ನೀರು ಬಿಟ್ಟೆವು. ಎರಡು ಮಂಕರಿ ಗೊಬ್ಬರ ಜಾಸ್ತಿ ಹಾಕಿದೆವು. ಒಂದು ಔಷಧಿ ಅಂಗಡಿಯಲ್ಲಿ ಕೇಳಿದೆವು. ಅವರು ಮರ ನೋಡಲಿಲ್ಲ, ಫೋಟೋ ಕೂಡ ಕೇಳಲಿಲ್ಲ. ಗರಿಗೆ ಸಿಂಪಡಿಸಿ ಅಂತ ಒಂದು ಬಾಟಲಿ ಕೊಟ್ಟರು. ಹುಳು ಇದ್ದದ್ದು ಕಾಂಡದ ಒಳಗೆ. ಗರಿಗೆ ಹೊಡೆದ ಔಷಧಿ ಅದನ್ನು ಮುಟ್ಟಲೇ ಇಲ್ಲ.

ಆಮೇಲೆ ಇನ್ನೊಂದು ಮರ ಹೋಯಿತು. ಮೂರನೆಯದು ಉಳಿಯಿತು. ಆ ಮೂರು ಮರಗಳಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಂಪುಮೂತಿ ಹುಳು ಬಿದ್ದ ಮರದಲ್ಲಿ ಎಲ್ಲಕ್ಕಿಂತ ತಡವಾಗಿ ಸುದ್ದಿ ಹೇಳುವುದು ಗರಿ. ಅದಕ್ಕಿಂತ ಎಷ್ಟೋ ಮೊದಲೇ ಕಾಂಡದಲ್ಲಿ ಗುರುತು ಕಾಣಿಸುತ್ತದೆ. ಕಾಂಡಕ್ಕೂ ಮೊದಲು ಒಂದು ಗಾಯ ಇರುತ್ತದೆ. ನಾವು ಮೇಲೆ ನೋಡುತ್ತಾ ನಿಂತರೆ ಕೆಳಗಿನದು ತಪ್ಪಿಹೋಗುತ್ತದೆ.

ಯಾವ ಗರಿ ಬಾಡಿದೆ?

ಗರಿ ನೋಡಲೇಬೇಡಿ ಅಂತ ಅಲ್ಲ. ಬೇರೆ ತೊಂದರೆಗಳನ್ನು ಪಕ್ಕಕ್ಕಿಡಲು ಅದು ಬೇಕಾಗುತ್ತದೆ. ಚೆನ್ನಾಗಿರುವ ತೆಂಗಿನ ಮರದ ತಲೆಯಲ್ಲಿ 30-35 ಗರಿ ಇರುತ್ತವೆ. ಸುಮಾರು ತಿಂಗಳಿಗೊಂದು ಹೊಸ ಗರಿ ಬಿಚ್ಚುತ್ತದೆ. ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ದೂರ ನಿಂತು ನೋಡಿ.

ಕೆಳಗಿನ ಹಳೆ ಗರಿಗಳು ಮಾತ್ರ ಜೋತು ಬಿದ್ದು ಕಾಂಡಕ್ಕೆ ಅಂಟಿಕೊಂಡಿದ್ದರೆ, ಸುಳಿ ಹಸಿರಾಗಿದ್ದರೆ, ಅದು ನೀರಿನ ಕೊರತೆ ಇರಬಹುದು. ಅಣಬೆ ರೋಗವೂ ಇರಬಹುದು. ಅಣಬೆ ರೋಗದಲ್ಲಿ ಬುಡದಿಂದಲೇ ಕೆಂಪು ಮಿಶ್ರಿತ ಕಂದು ರಸ ಸೋರಲು ಶುರುವಾಗುತ್ತದೆ. ಮಳೆ ಬಿದ್ದ ಮೇಲೆ ಬುಡದಲ್ಲಿ ಅಣಬೆ ಏಳುವುದೂ ಉಂಟು. ಕೆಳಗಿನ ಗರಿಗಳು ಬೆಂಕಿ ತಗುಲಿದ ಹಾಗೆ ಒಣಗಿದ್ದರೆ ಒಂದು ಗರಿ ಕಿತ್ತು ಅಡಿಭಾಗ ನೋಡಿ. ಅಲ್ಲಿ ನೂಲು ಮತ್ತು ಹಿಕ್ಕೆ ಸೇರಿದ ಗೂಡಿನ ಸಾಲು ಇದ್ದರೆ ಅದು ಕಪ್ಪುತಲೆ ಹುಳು. ತಿಪಟೂರು, ಗುಬ್ಬಿ ಕಡೆಯವರಿಗೆ ಅದರ ಪರಿಚಯ ಚೆನ್ನಾಗೇ ಇದೆ.

ಗರಿ ಬಿಚ್ಚಿದಾಗ ಕತ್ತರಿಯಿಂದ ತ್ರಿಕೋನ ಕತ್ತರಿಸಿದ ಹಾಗೆ ಕಂಡರೆ ಅದು ರೈನೋಸರಸ್ ದುಂಬಿಯ ಕೆಲಸ. ಮೂಗಿನ ಮೇಲೆ ಕೊಂಬಿರುವ ಕಪ್ಪು ದುಂಬಿ ಅದು. ಸುಳಿಯೊಳಗೆ ಮಡಚಿಕೊಂಡಿರುವ ಎಳೆ ಗರಿಯನ್ನು ಕೊರೆದು ರಸ ಕುಡಿಯುತ್ತದೆ. ಆ ಗರಿ ಬಿಚ್ಚಿಕೊಂಡಾಗ ಕತ್ತರಿಸಿದ ಗುರುತು ಎರಡೂ ಕಡೆ ಒಂದೇ ಥರ ಕಾಣುತ್ತದೆ. ಈ ಗುರುತು ಕಂಡರೆ ಸುಮ್ನೆ ಬಿಡಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಸುಳಿ ಗರಿಯನ್ನೇ ಹಿಡಿದು ಎಳೆದಾಗ ಕೈಗೆ ಬಂದುಬಿಟ್ಟರೆ, ಬುಡ ಕೊಳೆತು ಕೆಟ್ಟ ನಾತ ಹೊಡೆದರೆ, ಮಳೆಗಾಲವಾಗಿದ್ದರೆ, ಅದು ಸುಳಿ ಕೊಳೆ ರೋಗ. ಶಿಲೀಂಧ್ರದಿಂದ ಬರುವುದು. ಅಲ್ಲಿ ಅಗಿದ ನಾರು ಇರುವುದಿಲ್ಲ, ಹುಳು ಕೊರೆದ ತೂತೂ ಇರುವುದಿಲ್ಲ.

ಹೊರಗಿನ ಗರಿಗಳು ಹಸಿರಾಗಿದ್ದು ಒಳಸುತ್ತಿನ ಗರಿಗಳು ಹಳದಿಯಾಗುತ್ತಿದ್ದರೆ, ಮಟ್ಟೆಯ ಬುಡ ಉದ್ದಕ್ಕೆ ಸೀಳಿದ್ದರೆ, ಆಗ ಕೆಂಪುಮೂತಿ ಹುಳುವಿನ ಅನುಮಾನ ಬರಬೇಕು. ಆದರೆ ಇದು ಹುಳು ತಲೆಯ ಕಡೆಯಿಂದ ಒಳಗೆ ಹೋದಾಗ ಕಾಣುವ ಲಕ್ಷಣ. ಬುಡದ ಕಡೆಯಿಂದ ಹೊಕ್ಕಿದ್ದರೆ ಗರಿ ಬಹಳ ದಿನ ಹಸಿರಾಗೇ ಇರುತ್ತದೆ. ನಮ್ಮ ಎರಡನೇ ಮರ ಹಾಗೇ ಮೋಸ ಮಾಡಿತು. ಗೊನೆ ಸಮೇತ ನಿಂತಿತ್ತು.

ಕಾಂಡಕ್ಕೆ ಕಿವಿ ಕೊಡಿ

ಈಗ ಮರದ ಹತ್ತಿರ ಬನ್ನಿ. ನೆಲದಿಂದ ತಲೆ ಎತ್ತರದವರೆಗೆ ಕಾಂಡದ ಸುತ್ತ ನಿಧಾನವಾಗಿ ಒಂದು ಸುತ್ತು ಬನ್ನಿ. ಆತುರ ಬೇಡ.

ನೋಡಬೇಕಾದದ್ದು ತೂತು. ಹೊಸ ತೂತಿನಿಂದ ಕಂದು ಬಣ್ಣದ ಅಂಟು ರಸ ಇಳಿದಿರುತ್ತದೆ. ತೂತಿನ ಬಾಯಲ್ಲಿ ಅಗಿದು ಉಗಿದ ಹಾಗಿನ ನಾರು ತುರುಕಿಕೊಂಡಿರುತ್ತದೆ. ಈ ನಾರೇ ಮುಖ್ಯ. ಯಾಕೆಂದರೆ ರಸ ಮಾತ್ರ ಸೋರುವ ಇನ್ನೊಂದು ರೋಗ ಇದೆ. ಕಾಂಡ ಸೋರುವ ರೋಗ ಅಂತಲೇ ಅದರ ಹೆಸರು. ಅದರಲ್ಲೂ ಕೆಂಪು ಕಂದು ರಸ ಬಿರುಕಿನಿಂದ ಇಳಿದು ಒಣಗಿ ಕಪ್ಪಾಗುತ್ತದೆ. ನೋಡಿದ ಕೂಡಲೇ ಎರಡೂ ಒಂದೇ ಅನ್ನಿಸುತ್ತದೆ. ಆ ರೋಗದಲ್ಲಿ ಬಿರುಕು ಇರುತ್ತದೆ, ಕೊರೆದ ದುಂಡು ತೂತು ಇರುವುದಿಲ್ಲ. ಅಗಿದ ನಾರು ಹೊರಗೆ ಬರುವುದಿಲ್ಲ. ಒಂದು ತಂತಿಯಿಂದ ಮೆಲ್ಲಗೆ ಕೆದಕಿ ನೋಡಿದರೆ ಗೊತ್ತಾಗುತ್ತದೆ. ಹುಳುವಿನ ತೂತಾದರೆ ತಂತಿ ಒಳಗೆ ಹೋಗುತ್ತದೆ, ತುದಿಗೆ ಒದ್ದೆ ನಾರು ಅಂಟಿಕೊಂಡು ಬರುತ್ತದೆ.

ತಂತಿ ಹೊರಗೆ ತೆಗೆದು ಮೂಸಿ ನೋಡಿ. ಹುದುಗು ಬಂದ ವಾಸನೆ ಇರುತ್ತದೆ. ಹಳೆ ಸೇಂದಿಯ ಹಾಗೆ, ಎರಡು ದಿನ ಮರೆತ ದೋಸೆ ಹಿಟ್ಟಿನ ಹಾಗೆ, ಹುಳಿ ಹುಳಿ. ಸುಳಿ ಕೊಳೆಯ ನಾತ ಬೇರೆ, ಅದು ಕೊಳೆತದ್ದು. ಒಮ್ಮೆ ಮೂಸಿದವರು ಎರಡನ್ನೂ ಬೆರೆಸುವುದಿಲ್ಲ.

ಆಮೇಲೆ ಕಿವಿ. ಇದನ್ನು ನನಗೆ ಹೇಳಿಕೊಟ್ಟವರು ನಮ್ಮಲ್ಲಿ ಕಾಯಿ ಕೆಡವಲು ಬರುವ ಅಣ್ಣ. "ಮರಕ್ಕೆ ಕಿವಿ ಇಟ್ಟು ಕೇಳಕ್ಕ, ಒಳಗೆ ದನ ಮೇವು ಮೆಲ್ಲೋ ಹಂಗೆ ಸದ್ದು ಬತ್ತದೆ" ಅಂದರು. ನಾನು ಆಗ ನಂಬಲಿಲ್ಲ. ಎರಡನೇ ಮರಕ್ಕೆ ಕಿವಿ ಇಟ್ಟಾಗ ಕರ ಕರ ಅಂತ ಕೇಳಿಸಿತು. ಮೈ ಜುಮ್ಮೆಂದಿತು. ಬೇರೆ ದೇಶಗಳ ಖರ್ಜೂರದ ತೋಟಗಳಲ್ಲಿ ಇದೇ ಸದ್ದನ್ನು ಹಿಡಿಯಲು ಮೈಕ್ ಇಟ್ಟು ಪರೀಕ್ಷೆ ಮಾಡುತ್ತಾರೆ. ನಮಗೆ ಕಿವಿ ಸಾಕು. ಡಾಕ್ಟರ್ ಬಳಸುವ ಸ್ಟೆತಸ್ಕೋಪ್ ಸಿಕ್ಕರೆ ಇನ್ನೂ ಒಳ್ಳೆಯದು.

ಹೊತ್ತು ಮಾತ್ರ ನೋಡಿಕೊಳ್ಳಿ. ಮೋಟರ್ ಓಡುವಾಗ ಏನೂ ಕೇಳುವುದಿಲ್ಲ. ಗಾಳಿ ಬೀಸುವಾಗ ಗರಿ ಸದ್ದೇ ಕಿವಿ ತುಂಬುತ್ತದೆ. ಬೆಳಗ್ಗೆ ಬೇಗ, ಕರೆಂಟ್ ಇಲ್ಲದ ಹೊತ್ತಿನಲ್ಲಿ ಹೋಗಿ. ಕಿವಿಯನ್ನು ಕಾಂಡಕ್ಕೆ ಒತ್ತಿ ಹಿಡಿದು ಎರಡು ನಿಮಿಷ ಉಸಿರು ಬಿಗಿಹಿಡಿದ ಹಾಗೆ ನಿಲ್ಲಿ. ಒಂದೇ ಜಾಗದಲ್ಲಿ ಕೇಳಿ ಬಿಡಬೇಡಿ. ಬುಡ, ಸೊಂಟ, ಎದೆ ಮಟ್ಟ, ಮೂರೂ ಕಡೆ ಕೇಳಿ. ಸದ್ದು ಕೇಳಿಸಲಿಲ್ಲ ಅಂದರೆ ಹುಳು ಇಲ್ಲ ಅಂತ ಅರ್ಥವಲ್ಲ. ಮರಿ ಚಿಕ್ಕದಿದ್ದಾಗ ಸದ್ದು ಬಾರದೆ ಇರಬಹುದು. ವಾರ ಬಿಟ್ಟು ಮತ್ತೆ ಕೇಳಿ.

ಇನ್ನೊಂದು ಉಪಾಯ ನಾನೇ ಕಂಡುಕೊಂಡದ್ದು. ಸೋರಿದ ಜಾಗವನ್ನು ಕೆರೆದು ಒರೆಸಿ, ಸುತ್ತ ಸುಣ್ಣದಿಂದ ಒಂದು ಉಂಗುರ ಬಳಿಯಿರಿ. ಹತ್ತು ದಿನ ಬಿಟ್ಟು ನೋಡಿ. ಉಂಗುರದ ಮೇಲೆ ಹೊಸ ರಸ ಇಳಿದಿದ್ದರೆ ಒಳಗೆ ಕೆಲಸ ನಡೆಯುತ್ತಿದೆ. ಇಳಿದಿಲ್ಲ ಅಂದರೆ ಅದು ಹಳೆ ಗಾಯ ಇರಬಹುದು.

ಹುಳುವಿನ ಗುರುತು

ತೂತಿನ ಹತ್ತಿರ, ಮಟ್ಟೆಯ ಸಂದಿಯಲ್ಲಿ, ಕಡಿದ ಬೊಡ್ಡೆಯ ಮೇಲೆ ಈ ಹುಳು ಬೆಳೆದು ಆಗುವ ದುಂಬಿಯೇ ಸಿಕ್ಕರೆ ಅನುಮಾನ ಮುಗಿಯಿತು. ಸುಮಾರು 35 ಮಿಲಿಮೀಟರ್ ಉದ್ದ, 10 ಮಿಲಿಮೀಟರ್ ಅಗಲ ಇರುತ್ತದೆ. ಹಳೆ ಕುಡುಗೋಲಿಗೆ ಹಿಡಿದ ತುಕ್ಕಿನ ಬಣ್ಣ. ಎದೆಯ ಮೇಲೆ ಕಪ್ಪು ಚುಕ್ಕೆಗಳು. ರೆಕ್ಕೆಯ ಮೇಲಿನ ಗಟ್ಟಿ ಹೊದಿಕೆಯಲ್ಲಿ ಉದ್ದುದ್ದ ಗೆರೆಗಳಿರುತ್ತವೆ. ಆ ಹೊದಿಕೆ ಹೊಟ್ಟೆಯನ್ನು ಪೂರ್ತಿ ಮುಚ್ಚುವುದಿಲ್ಲ, ಹಿಂದೆ ಸ್ವಲ್ಪ ಹೊರಗೆ ಉಳಿಯುತ್ತದೆ. ಮುಂದೆ ಉದ್ದ ಬಾಗಿದ ಮೂತಿ. ಈ ಮೂತಿಯಿಂದಲೇ ಇದಕ್ಕೆ ಹೆಸರು ಬಂದದ್ದು. ವಿಜ್ಞಾನದಲ್ಲಿ ರಿಂಕೋಫೋರಸ್ ಫೆರುಜಿನಿಯಸ್ ಅನ್ನುತ್ತಾರೆ. ಮೊದಲ ಪದ ಗ್ರೀಕ್, ಮೂತಿ ಹೊತ್ತದ್ದು ಅಂತ ಅರ್ಥ. ಎರಡನೆಯದು ಲ್ಯಾಟಿನ್, ತುಕ್ಕಿನ ಬಣ್ಣದ್ದು. ನಮ್ಮ ಕೆಂಪುಮೂತಿ ಅನ್ನುವ ಹೆಸರಿಗೂ ಅದಕ್ಕೂ ಎಷ್ಟು ಹತ್ತಿರ, ಅಲ್ವಾ?

ಗಂಡು ಹೆಣ್ಣು ಗುರುತಿಸುವುದೂ ಸುಲಭ. ಗಂಡಿನ ಮೂತಿಯ ಮೇಲ್ಭಾಗದಲ್ಲಿ ಬ್ರಶ್ಶಿನ ಹಾಗೆ ಗಿಡ್ಡ ಕೂದಲಿನ ಸಾಲು ಇರುತ್ತದೆ. ಹೆಣ್ಣಿನ ಮೂತಿ ನುಣುಪು, ಇನ್ನೂ ತೆಳು, ಇನ್ನೂ ಉದ್ದ. ಆ ಮೂತಿಯಿಂದ ಎಳೆ ಭಾಗದಲ್ಲಿ ತೂತು ಮಾಡಿ ಒಂದೊಂದೇ ಮೊಟ್ಟೆ ಇಡುತ್ತದೆ. ಒಂದು ಹೆಣ್ಣು ತನ್ನ ಬದುಕಿನಲ್ಲಿ 200-300 ಮೊಟ್ಟೆ ಇಡಬಲ್ಲದು.

ಮರಿಹುಳುವನ್ನು ಗುರುತಿಸುವಾಗ ಬಹಳ ಜನ ಎಡವುತ್ತಾರೆ. ತಿಪ್ಪೆ ಅಗೆದಾಗ ಸಿಗುವ ಗೊಣ್ಣೆ ಹುಳುವನ್ನು ತಂದು ಇದೇ ಅದು ಅನ್ನುತ್ತಾರೆ. ಗೊಣ್ಣೆ ಹುಳುವಿಗೆ ಎದೆಯ ಹತ್ತಿರ ಆರು ಕಾಲು ಇರುತ್ತವೆ, ಮೈ ಕೊಕ್ಕೆಯ ಹಾಗೆ ಬಾಗಿರುತ್ತದೆ. ಅದು ಗೊಬ್ಬರದಲ್ಲಿ, ಕೊಳೆತ ಮರದಲ್ಲಿ ಬದುಕುವುದು. ರೈನೋಸರಸ್ ದುಂಬಿಯ ಮರಿಯೂ ಹಾಗೇ, ತಿಪ್ಪೆಗುಂಡಿಯಲ್ಲೇ ಬೆಳೆಯುತ್ತದೆ. ಕೆಂಪುಮೂತಿ ಮರಿಗೆ ಕಾಲೇ ಇಲ್ಲ. ಕಂದು ತಲೆ, ಕೆನೆ ಬಣ್ಣದ ಮೈ, ನಡು ದಪ್ಪ. ಬಲಿತಾಗ 5 ಸೆಂಟಿಮೀಟರ್‌ವರೆಗೂ ಇರುತ್ತದೆ. ಅದು ಬದುಕುವುದು ಜೀವಂತ ಮರದ ಒಳಗೆ. ಕಾಲು ಇದೆಯೋ ಇಲ್ಲವೋ ನೋಡಿ, ಅಷ್ಟೇ ಸಾಕು.

ಮೊಟ್ಟೆ ಒಡೆಯಲು ಎರಡರಿಂದ ಐದು ದಿನ. ಮರಿ ಮರದೊಳಗೆ ಒಂದರಿಂದ ಮೂರು ತಿಂಗಳು ತಿನ್ನುತ್ತದೆ. ಬಲಿತ ಮೇಲೆ ಮರದ ನಾರನ್ನೇ ಸುತ್ತಿ ಸುತ್ತಿ ಮೊಟ್ಟೆಯಾಕಾರದ ಗೂಡು ಕಟ್ಟುತ್ತದೆ. ಕೈಯಲ್ಲಿ ಹೆಣೆದ ಹಾಗೆ ಇರುತ್ತದೆ ಆ ಗೂಡು. ಅದರೊಳಗೆ ಎರಡು ಮೂರು ವಾರ ಇದ್ದು ದುಂಬಿಯಾಗಿ ಹೊರಬರುತ್ತದೆ. ಮೊಟ್ಟೆ, ಮರಿ, ಗೂಡು, ದುಂಬಿ ಎಲ್ಲವೂ ಒಂದೇ ಮರದೊಳಗೆ ಒಟ್ಟಿಗೇ ಸಿಗುತ್ತವೆ. ಮರ ಬೀಳುವ ಹೊತ್ತಿಗೆ ಒಂದು ತಲೆಮಾರು ಆಗಲೇ ಹಾರಿಹೋಗಿರುತ್ತದೆ. ಅದಕ್ಕೇ ಒಂದು ಮರ ಬಿತ್ತು ಅಂದರೆ ಆ ದಿನವೇ ಅಕ್ಕಪಕ್ಕದ ಮರಗಳಿಗೆ ಕಿವಿ ಇಡಬೇಕು.

ಎಲ್ಲಿ ಬದುಕುತ್ತದೆ, ಯಾವ ಮರ ಹುಡುಕುತ್ತದೆ

ಇದು ಹೊರಗಿನಿಂದ ಬಂದ ಹುಳುವಲ್ಲ. ದಕ್ಷಿಣ ಏಷ್ಯಾ ಮತ್ತು ಆಗ್ನೇಯ ಏಷ್ಯಾವೇ ಇದರ ತವರು. ಭಾರತದಲ್ಲಿ ತೆಂಗಿನ ಕೀಟ ಅಂತ 1906ರಲ್ಲೇ ದಾಖಲಾಗಿದೆ. 1980ರ ದಶಕದಲ್ಲಿ ಸಸಿಗಳ ಜೊತೆ ಕೊಲ್ಲಿ ದೇಶಗಳಿಗೆ ಹೋಯಿತು. 1990ರ ದಶಕದಲ್ಲಿ ಈಜಿಪ್ಟ್, ಸ್ಪೇನ್ ತಲುಪಿತು. ಅಲ್ಲಿನ ಖರ್ಜೂರದ ಮರಗಳನ್ನು ಸಾಲು ಸಾಲಾಗಿ ಕೆಡವಿತು. ಸಸಿಯನ್ನೋ ಮರವನ್ನೋ ಒಂದು ಊರಿಂದ ಇನ್ನೊಂದು ಊರಿಗೆ ಸಾಗಿಸುವಾಗ ಒಳಗೆ ಏನಿದೆ ಅಂತ ಯಾರಿಗೂ ಕಾಣುವುದಿಲ್ಲ. ನಮ್ಮಲ್ಲೂ ಬಡಾವಣೆಗಳಿಗೆ ಅಲಂಕಾರದ ದೊಡ್ಡ ಪಾಮ್ ಮರಗಳನ್ನು ಲಾರಿಯಲ್ಲಿ ತರುತ್ತಾರೆ. ತೋಟದ ಪಕ್ಕ ಅಂಥದ್ದು ಬಂದರೆ ಅದರ ಮೇಲೂ ಒಂದು ಕಣ್ಣಿಡಿ.

ತೆಂಗು, ಖರ್ಜೂರ, ತಾಳೆ, ಈಚಲು, ಇವೆಲ್ಲ ಇದಕ್ಕೆ ಮನೆ. ತುಮಕೂರು ಸೀಮೆಯಲ್ಲಿ ಕೆರೆ ಹಿಂದೆ, ಹಳ್ಳದ ಬದಿಯಲ್ಲಿ ಈಚಲು ಎಷ್ಟಿದೆ ಅಂತ ಹೇಳಬೇಕಾಗಿಲ್ಲ. ಅವನ್ನು ಕಡಿದು ಹಾಕಿ ಅಂತ ಹೇಳುತ್ತಿಲ್ಲ. ದಯವಿಟ್ಟು ಕಡಿಯಬೇಡಿ. ಆದರೆ ತೋಟದ ಅಂಚಿನ ಈಚಲು ಒಣಗುತ್ತಿದ್ದರೆ ಅದನ್ನೂ ಪರೀಕ್ಷೆಯ ಪಟ್ಟಿಗೆ ಸೇರಿಸಿಕೊಳ್ಳಿ.

ತೆಂಗಿನಲ್ಲಿ ಐದರಿಂದ ಇಪ್ಪತ್ತು ವರ್ಷದ ಮರಗಳಿಗೆ ಅಪಾಯ ಜಾಸ್ತಿ. ಕಾಂಡ ಇನ್ನೂ ಮೆತ್ತಗಿರುತ್ತದೆ. ಹಳೆ ಎತ್ತರದ ಮರಕ್ಕೆ ಸಾಮಾನ್ಯವಾಗಿ ತಲೆಯ ಗಾಯದಿಂದ ಬರುತ್ತದೆ.

ಗಾಯ ಹುಡುಕಿ

ಹುಳು ಇದೆ ಅಂತ ಗೊತ್ತಾದ ಮೇಲೆ ಬಹಳ ಜನ ನೇರ ಔಷಧಿಗೆ ಓಡುತ್ತಾರೆ. ಅದಕ್ಕೆ ಮೊದಲು ಅದು ಯಾವ ಬಾಗಿಲಿನಿಂದ ಬಂತು ಅಂತ ಕಂಡುಹಿಡಿಯಬೇಕು. ಹಸಿ ಗಾಯದಿಂದ ಹೊರಡುವ ವಾಸನೆ ಈ ದುಂಬಿಯನ್ನು ಕರೆಯುತ್ತದೆ. ಒಂದು ಗಂಡು ಬಂದು ಕೂತರೆ ಅದು ತನ್ನದೇ ಒಂದು ವಾಸನೆ ಬಿಡುತ್ತದೆ. ಆ ವಾಸನೆಗೆ ಹೆಣ್ಣೂ ಬರುತ್ತದೆ, ಬೇರೆ ಗಂಡುಗಳೂ ಬರುತ್ತವೆ. ಹಾಗಾಗಿ ಒಂದು ಗಾಯಕ್ಕೆ ಒಂದೇ ಹುಳು ಬರುವುದಿಲ್ಲ.

ನಮ್ಮ ಮೊದಲ ಮರದ ಗಾಯ ಯಾವುದು ಅಂತ ನನಗೆ ಈಗ ಗೊತ್ತು. ಮನೆಯಲ್ಲಿ ಮದುವೆ ಇತ್ತು. ಚಪ್ಪರಕ್ಕೆ ಅಂತ ಹಸಿ ಗರಿಗಳನ್ನು ಕಾಂಡಕ್ಕೆ ಅಂಟಿದ ಹಾಗೆ ಕಡಿದಿದ್ದೆವು. ಆ ಹಸಿ ಬುಡದಿಂದ ಹುಳುವಿಗೆ ಕಾಂಡ ಒಂದೇ ಹೆಜ್ಜೆ. ಹಸಿ ಗರಿ ಕಡಿಯಲೇಬೇಕಾದರೆ ಕಾಂಡದಿಂದ ನಾಲ್ಕು ಅಡಿ, ಅಂದರೆ 120 ಸೆಂಟಿಮೀಟರ್ ಬಿಟ್ಟು ಕಡಿಯಬೇಕು. ಅಷ್ಟು ಉದ್ದದ ಮಟ್ಟೆ ಒಣಗುವುದರೊಳಗೆ ಹುಳು ಕಾಂಡ ಮುಟ್ಟಲು ಆಗುವುದಿಲ್ಲ. ಇಷ್ಟು ಸಣ್ಣ ವಿಷಯ ಯಾರೂ ಹೇಳಿರಲಿಲ್ಲ. ಚಪ್ಪರದ ಸಡಗರದಲ್ಲಿ ನಾವೂ ಕೇಳಿರಲಿಲ್ಲ.

ಎರಡನೇ ಮರಕ್ಕೆ ಟ್ರ್ಯಾಕ್ಟರ್ ಉಳುಮೆಯಲ್ಲಿ ಬುಡಕ್ಕೆ ಪೆಟ್ಟು ಬಿದ್ದಿತ್ತು. ಬೇರೆಯವರ ತೋಟಗಳಲ್ಲಿ ಹತ್ತಲು ಕಾಂಡದಲ್ಲಿ ಕಡಿದ ಮೆಟ್ಟಿಲು, ಬೇಲಿ ತಂತಿಗೆ ಹೊಡೆದ ಮೊಳೆ ನೋಡಿದ್ದೇನೆ. ಮೆಟ್ಟಿಲು ಕಡಿಯುವುದನ್ನು ಪೂರ್ತಿ ಬಿಡಬೇಕು ಅನ್ನುವುದು ನನ್ನ ಅಭಿಪ್ರಾಯ. ಮರ ಹತ್ತುವ ಯಂತ್ರ ಈಗ ಸಿಗುತ್ತದೆ.

ಇನ್ನು ರೈನೋಸರಸ್ ದುಂಬಿ. ಅದು ಸುಳಿಯಲ್ಲಿ ಮಾಡಿದ ತೂತು ಕೆಂಪುಮೂತಿಗೆ ತೆರೆದ ಬಾಗಿಲು. ಗರಿಯಲ್ಲಿ ತ್ರಿಕೋನದ ಕತ್ತರಿ ಗುರುತು ಕಂಡರೆ ಬಿಡಬೇಡಿ ಅಂದದ್ದು ಇದಕ್ಕೇ. ಮೇಲಿನ ಮೂರು ಗರಿಗಳ ಸಂದಿಗೆ 250 ಗ್ರಾಂ ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿಯ ಪುಡಿಯನ್ನು ಅಷ್ಟೇ ಮರಳಿನ ಜೊತೆ ಬೆರೆಸಿ ತುಂಬಬೇಕು. ವರ್ಷಕ್ಕೆ ಮೂರು ಸಲ, ಮೇ, ಸೆಪ್ಟೆಂಬರ್ ಮತ್ತು ಡಿಸೆಂಬರ್‌ನಲ್ಲಿ. ತಿಪ್ಪೆಗುಂಡಿ ತೋಟದ ನಡುವೆ ಇದ್ದರೆ ಆಗಾಗ ಮಗುಚಿ ಗೊಣ್ಣೆ ಹುಳು ಆರಿಸಿ ಕೊಲ್ಲಿ. ಕೋಳಿಗಳನ್ನು ಬಿಟ್ಟರೆ ಅವೇ ಆ ಕೆಲಸ ಮಾಡುತ್ತವೆ.

ಮರ ಉಳಿಯುತ್ತದೆಯೇ?

ಸುಳಿಯೇ ಬಾಡಿ ಬಾಗಿದ್ದರೆ ಉಳಿಯುವುದಿಲ್ಲ. ತೆಂಗಿಗೆ ಬೆಳೆಯುವ ಜಾಗ ಅದೊಂದೇ. ಆಸೆಯಿಂದ ಕಾಯುವುದು ಬೇಡ, ಕಡಿದುಬಿಡಿ. ಕಡಿದ ಬೊಡ್ಡೆಯನ್ನು ಬದುವಿನ ಮೇಲೆ ಹಾಗೇ ಮಲಗಿಸಬೇಡಿ. ಅದರೊಳಗಿನ ಗೂಡುಗಳಿಂದ ದುಂಬಿ ಹೊರಬರುತ್ತಲೇ ಇರುತ್ತವೆ. ಸೀಳಿ, ಒಳಗಿನದನ್ನು ಕೆದಕಿ, ಸುಟ್ಟುಹಾಕಿ. ನಾವು ಮೊದಲ ಮರದ ಬೊಡ್ಡೆಯನ್ನು ಎರಡು ತಿಂಗಳು ಮೋಟರ್ ಮನೆ ಪಕ್ಕ ಇಟ್ಟಿದ್ದೆವು. ಎರಡನೇ ಮರ ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿತ್ತು.

ಸುಳಿ ಹಸಿರಾಗಿದ್ದು ಕಾಂಡದಲ್ಲಿ ತೂತು ಮಾತ್ರ ಇದ್ದರೆ ಉಳಿಸಬಹುದು. ಕೊಳೆತ ನಾರನ್ನು ಕೆದಕಿ ತೆಗೆಯಬೇಕು. ಕೆಳಗಿನ ತೂತುಗಳನ್ನು ಜೇಡಿಮಣ್ಣು ಅಥವಾ ಸಿಮೆಂಟಿನಿಂದ ಮುಚ್ಚಬೇಕು. ಎಲ್ಲಕ್ಕಿಂತ ಮೇಲಿನ ತೂತಿಗೆ ಆಲಿಕೆ ಇಟ್ಟು ಔಷಧಿ ನೀರು ನಿಧಾನವಾಗಿ ಇಳಿಸಿ, ಆಮೇಲೆ ಅದನ್ನೂ ಮುಚ್ಚಬೇಕು. ಸಾಮಾನ್ಯವಾಗಿ ಹೇಳುವುದು 17.8 ಎಸ್‌ಎಲ್ ಇಮಿಡಾಕ್ಲೋಪ್ರಿಡ್, ಒಂದು ಲೀಟರ್ ನೀರಿಗೆ 1 ಮಿಲಿಲೀಟರ್. ಕೈಗವಸು ಹಾಕಿಕೊಳ್ಳಿ. ಮೊದಲೇ ಕಾಯಿ ಕೆಡವಿಬಿಡಿ. ಆ ಮರದ ಎಳನೀರನ್ನು ಮಕ್ಕಳಿಗೆ ಕೊಡಬೇಡಿ. ಎಷ್ಟು ದಿನ ಅಂತ ತಿಪಟೂರಿನ ಕೊನೇಹಳ್ಳಿ ಅಥವಾ ತುಮಕೂರಿನ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಳ್ಳಿ. ಹೋಗುವಾಗ ತೂತಿನ ಫೋಟೋ, ಅಗಿದ ನಾರು, ಸಿಕ್ಕರೆ ಒಂದು ಹುಳು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ. ಬಾಯಿಮಾತಿನಲ್ಲಿ "ಮರ ಬಾಡಿದೆ" ಅಂದರೆ ಯಾರಿಗಾದರೂ ಸರಿಯಾಗಿ ಹೇಳಲು ಕಷ್ಟ.

ಮೋಹಕ ಬಲೆಯ ಬಗ್ಗೆ ಒಂದು ಮಾತು. ಗಂಡು ದುಂಬಿ ಬಿಡುವ ಆ ವಾಸನೆಯನ್ನೇ ಕೃತಕವಾಗಿ ಮಾಡಿ ಪೊಟ್ಟಣದಲ್ಲಿ ಮಾರುತ್ತಾರೆ. ತೂತು ಮಾಡಿದ ಬಕೆಟ್ಟಿನಲ್ಲಿ ಅದನ್ನು ತೂಗಿ, ಕೆಳಗೆ ಬಾಳೆಹಣ್ಣು, ಬೆಲ್ಲದ ನೀರು ಇಡುತ್ತಾರೆ. ಹೊರಗೆ ಗೋಣಿತಾಟು ಸುತ್ತಿದರೆ ದುಂಬಿಗೆ ಹತ್ತಲು ಹಿಡಿತ ಸಿಗುತ್ತದೆ. ಇದು ಹುಳು ಹಿಡಿಯುವುದರ ಜೊತೆಗೆ ಪತ್ತೆಗೂ ಒಳ್ಳೆಯ ದಾರಿ. ಬಕೆಟ್ಟಿನಲ್ಲಿ ದುಂಬಿ ಬಿದ್ದಿದೆ ಅಂದರೆ ಹತ್ತಿರದಲ್ಲೆಲ್ಲೋ ಒಂದು ಮರ ಒಳಗೇ ಟೊಳ್ಳಾಗುತ್ತಿದೆ. ಆದರೆ ಎಳೆ ಮರಗಳ ನಡುವೆ ಕಟ್ಟಬೇಡಿ. ವಾಸನೆಗೆ ಬಂದ ದುಂಬಿಗಳೆಲ್ಲ ಬಕೆಟ್ಟಿಗೇ ಬೀಳುವುದಿಲ್ಲ, ಕೆಲವು ಪಕ್ಕದ ಮರಕ್ಕೆ ಹೋಗಿ ಕೂರುತ್ತವೆ. ತೋಟದ ಅಂಚಿಗೆ ಕಟ್ಟಿ. ಅಕ್ಕಪಕ್ಕದ ತೋಟದವರೂ ಸೇರಿ ಕಟ್ಟಿದರೆ ಮಾತ್ರ ಪೂರ್ತಿ ಉಪಯೋಗ.

ನಮ್ಮ ಮೂರನೇ ಮರದ ತೂತು ಸೊಂಟದ ಮಟ್ಟದಲ್ಲಿತ್ತು. ಸುಳಿ ಹಸಿರಾಗಿತ್ತು. ಅಗಿದ ನಾರು ಕಂಡ ದಿನವೇ ಕೆದಕಿ, ಔಷಧಿ ಇಳಿಸಿ, ಮಣ್ಣು ಮೆತ್ತಿ, ಸುತ್ತ ಸುಣ್ಣದ ಉಂಗುರ ಬಳಿದೆ. ಹತ್ತನೇ ದಿನ ಬೆಳಗ್ಗೆ ಹೋಗಿ ನೋಡಿದೆ. ಉಂಗುರ ಬೆಳ್ಳಗೆ ಹಾಗೇ ಇತ್ತು. ಕಿವಿ ಇಟ್ಟೆ, ಏನೂ ಕೇಳಿಸಲಿಲ್ಲ. ಆ ವರ್ಷ ಹರಳೆಲ್ಲ, ಅಂದರೆ ಎಳೆಗಾಯಿಗಳೆಲ್ಲ, ಉದುರಿದವು. ಮರುವರ್ಷ ಹೊಂಬಾಳೆ ಒಡೆಯಿತು.